ಮೈಕ್ರೋಸ್ಕೋಪ್‌ಗೆ ಗಟ್ಟಿ ಕೇಸ್ ತಗೊಂಡಿದ್ದೇವೆ, ಮಳೆಗಾಲ ಪೂರ್ತಿ ಅದರಲ್ಲೇ ಇಡಬಹುದಾ?

ಕುಮಟಾ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಕಡೆಯವಳು, ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಸಣ್ಣ ಗುಂಪಿನ ಹತ್ತಿರ ಒಂದು ಬೈನಾಕ್ಯುಲರ್ (ಎರಡೂ ಕಣ್ಣಿಟ್ಟು ನೋಡುವ) ಮೈಕ್ರೋಸ್ಕೋಪ್, ಎರಡು ಹಳೇ ಕನ್ನಡಿ (ದೀಪದ ಬದಲು ಬೆಳಕಿಗೆ ಕನ್ನಡಿ ಇರುವ) ಮೈಕ್ರೋಸ್ಕೋಪ್ ಇವೆ. ರಜೆ ದಿನ ಅಘನಾಶಿನಿ ಅಳಿವೆ ಪಕ್ಕದ ಶಾಲೆಗಳಿಗೆ ಒಯ್ದು ನೀರಿನ ಹನಿಯಲ್ಲಿ ಏನೇನಿದೆ ಅಂತ ತೋರಿಸುತ್ತೇವೆ. ಕೆಲವೊಮ್ಮೆ ಘಟ್ಟ ಹತ್ತಿ ಶಿರಸಿ ಕಡೆಗೂ ಹೋಗುತ್ತೇವೆ.

ಇಷ್ಟು ದಿನ ಕಂಬಳಿಯಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಒಯ್ಯುತ್ತಿದ್ದೆವು. ಈಗ ಎಲ್ಲರೂ ದುಡ್ಡು ಹಾಕಿ ಬೈನಾಕ್ಯುಲರ್‌ಗೆ ಒಂದು ಗಟ್ಟಿ ಪ್ಲಾಸ್ಟಿಕ್ ಕೇಸ್ ತಂದಿದ್ದೇವೆ. ಒಳಗೆ ಫೋಮ್, ಮುಚ್ಚಳಕ್ಕೆ ರಬ್ಬರ್ ಬಳೆ. ಅಂಗಡಿಯವರು "ನೀರಿಗೆ ಬಿದ್ದರೂ ಏನೂ ಆಗಲ್ಲ" ಅಂದರು.

ಎರಡು ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಒಯ್ಯೋದು ಕಡಿಮೆ. ಅಷ್ಟೂ ದಿನ ಕೇಸ್‌ನಲ್ಲೇ ಇಟ್ಟು, ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ, ಆ ಸಿಲಿಕಾ ಜೆಲ್ ಪುಡಿಕೆ ನಾಲ್ಕು ಹಾಕಿ ಮುಚ್ಚಿಟ್ಟರೆ ಸಾಕಾ? ಇನ್ನೊಂದು, ದೇವಿಮನೆ ಘಾಟಿಯ ತಿರುವುಗಳಲ್ಲಿ ಕೇಸನ್ನು ನಿಲ್ಲಿಸಿ ಇಡಬೇಕಾ, ಮಲಗಿಸಿ ಇಡಬೇಕಾ?

ಘಟ್ಟದಮೇಲಿನವ

ಮೇಡಂ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನೀರೇ ಹೋಗದ ಕೇಸ್‌ಗೆ ತೇವ ಎಲ್ಲಿಂದ ಹೋಗುತ್ತದೆ? ನನ್ನ ಕ್ಯಾಮೆರಾ ಅಂಥದ್ದರಲ್ಲೇ ಇದೆ. ಗಟ್ಟಿಯಾಗಿ ಮುಚ್ಚಿ, ಬೀರುವಿನ ಮೇಲಿಡಿ, ದಸರೆಗೆ ತೆಗೆಯಿರಿ.

ರಿಪೇರಿ_ಬೆಂಚು

ಘಟ್ಟದವರೇ, ದಯವಿಟ್ಟು ಹಾಗೆ ಹೇಳಬೇಡಿ. ಕಾರವಾರದಲ್ಲಿ ಕೂತು ಇಂಥ ಉಪಕರಣ ಬಿಚ್ಚಿ ಕೂಡಿಸೋದೇ ನನ್ನ ಕೆಲಸ. ಗಣೇಶ ಚೌತಿ ಮುಗಿದ ಮೇಲೆ ನನ್ನ ಬೆಂಚಿಗೆ ಬರುವ ಮೈಕ್ರೋಸ್ಕೋಪ್‌ಗಳಲ್ಲಿ ಬಿದ್ದು ಒಡೆದದ್ದಕ್ಕಿಂತ ಮುಚ್ಚಿಟ್ಟು ಹಾಳಾದದ್ದೇ ಜಾಸ್ತಿ.

ನೀರು ಹೊರಗಿನಿಂದ ಬರಬೇಕಿಲ್ಲ. ಕೇಸ್ ಮುಚ್ಚುವಾಗ ಒಳಗೆ ಯಾವ ಗಾಳಿ ಇತ್ತೋ ಅದೇ ಒಳಗೆ ಉಳಿಯುತ್ತದೆ. ಹಲಸಿನ ಹಪ್ಪಳವನ್ನು ಗರಿಗರಿ ಇದ್ದಾಗ ಡಬ್ಬಿಗೆ ಹಾಕಿದರೆ ಗರಿಗರಿಯಾಗೇ ಇರುತ್ತದೆ, ಮೆತ್ತಗಾದ ಮೇಲೆ ಹಾಕಿದರೆ ಡಬ್ಬಿ ಎಷ್ಟು ಬಿಗಿ ಇದ್ದರೂ ಮೆತ್ತಗೇ, ಅಲ್ವಾ? ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಯ ತೇವ ಶೇ 90ರ ಹತ್ತಿರ ಇರೋದು ಮಾಮೂಲು. ಲೆನ್ಸಿಗೆ ಬೂಷ್ಟು ಹಿಡಿಯಲು ಶೇ 65–70 ದಾಟಿ ಕೆಲವು ದಿನ ನಿಂತರೆ ಸಾಕು. ಕತ್ತಲೆ, ಬೆಚ್ಚಗೆ, ಗಾಳಿ ಆಡಲ್ಲ. ಬೂಷ್ಟಿಗೆ ಇನ್ನೇನು ಬೇಕು?

ಬೂಷ್ಟು ಇದೆಯಾ ಅಂತ ನೀವೇ ನೋಡಬಹುದು. ಒಂದು ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ತೆಗೆದು ತಲೆಕೆಳಗು ಹಿಡಿಯಿರಿ, ಅದೇ ಒಳ್ಳೆ ಭೂತಗನ್ನಡಿ ಆಗುತ್ತದೆ. 40X ಆಬ್ಜೆಕ್ಟಿವ್ (ಸ್ಲೈಡ್ ಕಡೆಗಿರುವ, 40 ಪಟ್ಟು ದೊಡ್ಡದು ಮಾಡುವ ಲೆನ್ಸ್) ಬಿಚ್ಚಿ, ಅದರ ತುದಿಯ ಸಣ್ಣ ಗಾಜನ್ನು ಕಿಟಕಿ ಬೆಳಕಿಗೆ ಓರೆ ಹಿಡಿದು ಇದರಲ್ಲಿ ನೋಡಿ. ಚೊಕ್ಕ ಗಾಜಾದರೆ ಒಂದೇ ಸಮನೆ ಹೊಳೆಯುತ್ತದೆ. ಬೂಷ್ಟು ಇದ್ದರೆ ಅಂಚಿನಿಂದ ನಡುವಿಗೆ ಕವಲೊಡೆದ ಬಿಳಿ ಎಳೆ ಕಾಣುತ್ತದೆ. ಮೇಲಿನ ಪದರದಲ್ಲಿದ್ದರೆ ಒರೆಸಿ ತೆಗೆಯಬಹುದು. ಆದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದಿದ್ದರೆ ಎಳೆ ಹೋದರೂ ಅದರ ಗುರುತು ಹೋಗಲ್ಲ. ಒಳಗಿನ ಗಾಜುಗಳ ನಡುವೆ ಹಬ್ಬಿದ್ದರೆ ಆಬ್ಜೆಕ್ಟಿವ್ ಬದಲಿಸೋದೇ ಸರಿ.

ಕೇಸ್ ಇರೋದು ದಾರಿಗೆ. ಮನೆಯಲ್ಲಿ ಇಡಲು ಬೇರೆ ಜಾಗ ಬೇಕು. ನಾನು ಹೇಳೋದು ಇಷ್ಟೇ.

ಘಟ್ಟದಮೇಲಿನವ

ಸರಿ ಮಾರಾಯ್ರೆ, ಬೈಯಬೇಡಿ 🙂 ಆದರೆ ಸಿಲಿಕಾ ಜೆಲ್ ಹಾಕಿದರೆ ಆ ಗಾಳಿಯೂ ಒಣಗುತ್ತದಲ್ಲ?

ಲೆಕ್ಕದ_ಮೇಷ್ಟ್ರು

ಇದಕ್ಕೆ ಒಂದು ಲೆಕ್ಕ ಹಾಕೋಣ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ಶೇ 85 ತೇವ ಅಂದರೆ 26 ಗ್ರಾಂ ಹತ್ತಿರ. ಟೀಚರ್ ಅವರ ಕೇಸ್ 40 ಲೀಟರ್ ಅಂತ ಇಟ್ಟುಕೊಳ್ಳಿ. ಒಳಗಿನ ಗಾಳಿಯಲ್ಲಿ ಇರುವ ನೀರು ಬರೀ 1 ಗ್ರಾಂ! ಇಷ್ಟನ್ನು ಹೀರಲು ಸ್ವಲ್ಪ ಜೆಲ್ ಸಾಕು.

ತೊಂದರೆ ಗಾಳಿಯದ್ದಲ್ಲ, ಜೊತೆಗೆ ಹಾಕುವ ಸಾಮಾನಿನದ್ದು. ಬಟ್ಟೆ, ಮರ, ರಟ್ಟು, ಚರ್ಮ ಎಲ್ಲವೂ ತೇವ ಕುಡಿದು ಕೂತಿರುತ್ತವೆ. ಉಣ್ಣೆ ಅಂತೂ ಮಹಾ ಕುಡುಕ. 1 ಕಿಲೋ ಕಂಬಳಿ ಶೇ 65 ತೇವದಲ್ಲೇ 150 ಗ್ರಾಂ ಹತ್ತಿರ ನೀರು ಹಿಡಿದಿರುತ್ತದೆ, ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಟೀಚರ್, ಆ ಕಂಬಳಿಯನ್ನು ಹೊಸ ಕೇಸ್‌ಗೆ ತುರುಕಬೇಡಿ. ಚಪ್ಪಲಿ ಡಬ್ಬಿಯ ಪುಡಿಕೆಯಲ್ಲಿ ಒಂದೆರಡು ಗ್ರಾಂ ಜೆಲ್ ಇರುತ್ತದೆ, ಅದೂ ನಿಮ್ಮ ಕೈಗೆ ಬರುವ ಹೊತ್ತಿಗೆ ಹೊಟ್ಟೆ ತುಂಬಿಸಿಕೊಂಡಿರುತ್ತದೆ.

ಬಿಡಿಯಾಗಿ ಸಿಗುವ ಬಣ್ಣದ ಜೆಲ್ (ತೇವ ತುಂಬಿದಾಗ ಬಣ್ಣ ಬದಲಾಗುವಂಥದ್ದು) 200 ಗ್ರಾಂ ತನ್ನಿ. ಶೇ 40 ತೇವದಲ್ಲಿ 100 ಗ್ರಾಂ ಜೆಲ್ ಸುಮಾರು 20 ಗ್ರಾಂ ನೀರು ಹಿಡಿಯುತ್ತದೆ. ಬಿಗಿ ಕೇಸ್‌ಗೆ ಅದು ಧಾರಾಳ. ಸಂದು ಇರುವ ಮರದ ಪೆಟ್ಟಿಗೆಗೆ ಮಾತ್ರ ಎಷ್ಟು ಹಾಕಿದರೂ ಸಾಲದು, ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ.

ಶಿರಸಿ_ಲ್ಯಾಬ್

ಮರದ ಪೆಟ್ಟಿಗೆಗೆ ಬೈದವರು ಯಾರು? ನಾನು ಲ್ಯಾಬ್ ಅಟೆಂಡರ್ ಆಗಿ ನಿವೃತ್ತನಾದವನು. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಸಾಲು ಸಾಲು ಮರದ ಪೆಟ್ಟಿಗೆ ನೋಡಿಕೊಂಡಿದ್ದೇನೆ, ಹೆಚ್ಚಿನವು ಅಂಬಾಲಾದಿಂದ ಬಂದ ಮೈಕ್ರೋಸ್ಕೋಪುಗಳದ್ದು. ಆ ಪೆಟ್ಟಿಗೆಯ ಬುಡ ತಿರುಗಿಸಿ ನೋಡಿ, ನಡುವೆ ಒಂದು ತೂತು, ಅದರಲ್ಲಿ ಒಂದು ಬೋಲ್ಟು. ಮೈಕ್ರೋಸ್ಕೋಪಿನ ಪಾದ ಆ ಬೋಲ್ಟಿಗೆ ಕಚ್ಚಿಕೊಂಡರೆ ಪೆಟ್ಟಿಗೆ ಮಗುಚಿದರೂ ಒಳಗಿನದು ಅಲ್ಲಾಡಲ್ಲ. ಈಗಿನವರು ಬೋಲ್ಟು ಕಳೆದುಹಾಕಿ, ಪೆಟ್ಟಿಗೆ ಸರಿ ಇಲ್ಲ ಅನ್ನುತ್ತಾರೆ.

ಮಳೆಗಾಲಕ್ಕೆ ನಮ್ಮಲ್ಲಿ ಇದ್ದದ್ದು ಜೀರೋ ಬಲ್ಬ್. ಕಬ್ಬಿಣದ ಬೀರುವಿನ ತಳದಲ್ಲಿ ಹೋಲ್ಡರ್ ಕೂರಿಸಿ 15 ವ್ಯಾಟ್ ಬಲ್ಬ್ ಹಗಲು ರಾತ್ರಿ ಉರಿಸುತ್ತಿದ್ದೆವು. ಪೆಟ್ಟಿಗೆಗಳು ಮೇಲಿನ ತಟ್ಟೆಯಲ್ಲಿ, ಬಾಗಿಲು ಸ್ವಲ್ಪ ತೆರೆದು. ಶಿರಸಿಯ ಆರಿದ್ರಾ ಮಳೆಗೂ ಅದು ಜಗ್ಗಿದ್ದಿಲ್ಲ.

ಲೆಕ್ಕದ_ಮೇಷ್ಟ್ರು

ಅಣ್ಣ ಹೇಳಿದ್ದು ಲೆಕ್ಕಕ್ಕೂ ಸರಿ ಕೂರುತ್ತದೆ. ಹೊರಗೆ 27 ಡಿಗ್ರಿ, ಶೇ 90 ತೇವ. ಬೀರುವಿನ ಒಳಗೆ 32 ಡಿಗ್ರಿ ಆದರೆ ಅದೇ ಗಾಳಿಯ ತೇವ ಶೇ 67ಕ್ಕೆ ಇಳಿಯುತ್ತದೆ. 35 ಆದರೆ ಶೇ 57. ನೀರು ಎಲ್ಲೂ ಹೋಗಿಲ್ಲ, ಬಿಸಿ ಗಾಳಿಗೆ ಹಿಡಿಯುವ ಶಕ್ತಿ ಜಾಸ್ತಿ ಆಗಿದೆ ಅಷ್ಟೇ. ಆದರೆ ಈಗ ಅಂಗಡಿಯಲ್ಲಿ ಜೀರೋ ಬಲ್ಬ್ ಅಂತ ಕೊಡೋದು ಅರ್ಧ ವ್ಯಾಟಿನ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಬಿಸಿ ಕೊಡಲ್ಲ. ಹಳೇ ತಂತಿ ಬಲ್ಬೇ ಬೇಕು. ಅದರ ಹತ್ತಿರ ಬಟ್ಟೆ, ಪ್ಲಾಸ್ಟಿಕ್ ಕವರ್ ಬೇಡ.

ರಿಪೇರಿ_ಬೆಂಚು

ಅಣ್ಣನ ಬೀರು ಸರಿ, ಬೋಲ್ಟೂ ಸರಿ. ಮರದ ಪೆಟ್ಟಿಗೆಯನ್ನು ಹಾಗೇ ಗಾಡಿಯಲ್ಲಿ ಒಯ್ಯೋದು ಮಾತ್ರ ನಾನು ಒಪ್ಪಲ್ಲ. ಪಾದ ಬೋಲ್ಟಿಗೆ ಬಿಗಿದಿದೆ, ಭಾರ ಎಲ್ಲ ಮೇಲೆ ತಲೆಯಲ್ಲಿದೆ. ರಸ್ತೆಯ ಪ್ರತಿ ಗುಂಡಿಯ ಪೆಟ್ಟು ಮೆತ್ತೆ ಇಲ್ಲದೆ ನೇರ ಕಂಬಕ್ಕೆ ಹೋಗುತ್ತದೆ. ಫೋಕಸ್ ಮಾಡುವ ಹಲ್ಲಿನ ಪಟ್ಟಿ ಸವೆಯುತ್ತದೆ, ಸ್ಕ್ರೂ ಸಡಿಲ ಆಗುತ್ತದೆ, ಬೈನಾಕ್ಯುಲರ್ ಆದರೆ ಒಳಗಿನ ಪ್ರಿಸಂ ಕೂದಲೆಳೆಯಷ್ಟು ಜರುಗುತ್ತದೆ. ಆಮೇಲೆ ಎರಡು ಕಣ್ಣಿಗೆ ಎರಡು ಚಿತ್ರ, ಹತ್ತು ನಿಮಿಷ ನೋಡಿದರೆ ತಲೆನೋವು. ಜನ ಕಣ್ಣಿನ ಡಾಕ್ಟರ್ ಹತ್ತಿರ ಹೋಗುತ್ತಾರೆ, ಪಾಪ.

ಪೆಟ್ಟಿಗೆಯ ಕೆಳಗೆ ನಾಲ್ಕು ಬೆರಳು ದಪ್ಪದ ಫೋಮ್ ಹಾಸಿದರೆ ಆ ಕೊರತೆ ತುಂಬುತ್ತದೆ. ನಿಮ್ಮ ಎರಡು ಕನ್ನಡಿ ಮೈಕ್ರೋಸ್ಕೋಪ್‌ಗೆ ಇದೇ ಸಾಕು ಟೀಚರ್. ಕನ್ನಡಿಯನ್ನು ಮಾತ್ರ ಕವಲಿನಿಂದ ಕಿತ್ತು ಬೇರೆ ಸುತ್ತಿಡಿ, ದಾರಿಯಲ್ಲಿ ಮೊದಲು ಉದುರೋದು ಅದೇ.

ಕೋಡಿಬಾಗ್_ಕಡಲು

ನಾನು ಇಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ದೋಣಿಯಲ್ಲಿ ಉಪಕರಣ ಒಯ್ಯುವಾಗ ಗಟ್ಟಿ ಕೇಸ್ ಇಲ್ಲದೆ ಆಗಲ್ಲ, ಆ ಪಕ್ಷ ನನ್ನದು. ಕೇಸ್ ಮೇಲೆ ಐಪಿ 67 ಅಂತ ಇದೆಯಾ ನೋಡಿ. 6 ಅಂದರೆ ಧೂಳು ನುಗ್ಗಲ್ಲ, 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ಬರೀ "ವಾಟರ್‌ಪ್ರೂಫ್" ಅಂತ ಬರೆದಿದ್ದಕ್ಕೆ ಅರ್ಥ ಇಲ್ಲ. ರಬ್ಬರ್ ಬಳೆಯ ಮೇಲೆ ಒಂದು ಮರಳಿನ ಕಾಳು ಕೂತರೂ ಬಿಗಿ ಹೋಯಿತು, ಸಮುದ್ರದಂಡೆಯಲ್ಲಿ ಮುಚ್ಚುವ ಮೊದಲು ಬೆರಳಾಡಿಸಿ ನೋಡಬೇಕು.

ಇನ್ನೊಂದು ಮಾತು, ಎಸಿ. ನಮ್ಮ ಲ್ಯಾಬ್ 23 ಡಿಗ್ರಿ. ಹೊರಗೆ 30 ಡಿಗ್ರಿ, ಶೇ 85 ತೇವ. ಆ ಗಾಳಿ 27 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಇಬ್ಬನಿ ಕೂರುತ್ತದೆ. ಎಸಿಯಿಂದ ತಂದ ಕೇಸ್ ದಡದಲ್ಲಿ ತಕ್ಷಣ ತೆರೆದರೆ ಲೆನ್ಸಿನ ಹೊರಗೂ ಒಳಗೂ ಮಂಜು. ಒರೆಸಿದರೆ ಹೊರಗಿನದು ಹೋಗುತ್ತದೆ, ಒಳಗಿನದು? ಮುಚ್ಚಿದ ಕೇಸನ್ನು ನೆರಳಿನಲ್ಲಿ ಒಂದು ತಾಸು ಬಿಡಿ. ಫೋಮ್ ಇರೋದರಿಂದ ಬಿಸಿ ಏರೋದು ನಿಧಾನ, ಆತುರ ಬೇಡ.

ಕಡಲ ನೀರು ನೋಡಿದ ದಿನ ಹಾಗೇ ಪ್ಯಾಕ್ ಮಾಡಬಾರದು. ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ಮೇಲೆ ಚೆಲ್ಲಿದ ಹನಿ ಒಣಗಿದರೂ ಉಪ್ಪು ಅಲ್ಲೇ ಇರುತ್ತದೆ. ಶೇ 75 ತೇವ ದಾಟಿದರೆ ಅದೇ ಉಪ್ಪು ಗಾಳಿಯಿಂದ ನೀರು ಎಳೆದು ಮತ್ತೆ ಒದ್ದೆ. ಕ್ಲಿಪ್ಪಿನ ಸ್ಪ್ರಿಂಗ್ ತುಕ್ಕು ಹಿಡಿಯೋದು ಹೀಗೆ. ಡಿಸ್ಟಿಲ್ಡ್ ವಾಟರಿನಲ್ಲಿ ಬಟ್ಟೆ ಒದ್ದೆ ಮಾಡಿ ಒರೆಸಿ, ಒಣಗಿಸಿ, ಆಮೇಲೆ ಕೇಸ್.

ಗೋಕರ್ಣ_ನೋಡುಗ

ಉಪ್ಪಿನ ಮಾತು ಬಂತಲ್ಲ, ಒಂದು ಉಪಾಯ. ಕೇಸ್ ಒಳಗೆ ಇಡಲು ಸಣ್ಣ ತೇವಮಾಪಕ ಸಿಗುತ್ತದೆ. ಅಗ್ಗದ್ದರಲ್ಲಿ ಸುಳ್ಳು ಹೇಳುವವೂ ಇವೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು, ಕರಗದಷ್ಟು ನಾಲ್ಕು ಹನಿ ನೀರು, ಜೊತೆಗೆ ಮಾಪಕ, ಎರಡನ್ನೂ ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ 5 ಕಳೆದು ಓದಿ.

ಇದಕ್ಕೆ ಪ್ಯಾಕೆಟ್ ಉಪ್ಪೇ ಬಳಸಿ. ನಮ್ಮ ಸಾಣಿಕಟ್ಟಾ ಉಪ್ಪು ಮಾವಿನಮಿಡಿಗೆ ಬಂಗಾರ, ಈ ಪರೀಕ್ಷೆಗೆ ಬೇಡ. ಗದ್ದೆಯ ಹರಳುಪ್ಪಿನಲ್ಲಿ ಮೆಗ್ನೀಷಿಯಂ ಲವಣ ಸೇರಿರುತ್ತದೆ, ಅದು ಇನ್ನೂ ಕಡಿಮೆ ತೇವಕ್ಕೇ ನೀರೊಡೆಯುತ್ತದೆ. ಲೆಕ್ಕ ತಪ್ಪುತ್ತದೆ.

ಕುಮಟಾ_ಟೀಚರ್

ಅಬ್ಬಾ, ಇಷ್ಟೊಂದು! ಕಂಬಳಿ ಈಗಾಗಲೇ ಹೊರಗೆ ಬಂತು. ಕೇಸ್‌ಗೆ ಐಪಿ 67 ಗುರುತು ಇದೆ. ಮುಂಭಾಗದಲ್ಲಿ ಒಂದು ಸಣ್ಣ ತಿರುಗಣೆ ಇದೆ, ಅದು ಯಾತಕ್ಕೆ ಅಂತ ಗೊತ್ತಾಗಲಿಲ್ಲ. ಬೀಗ ಅಂದುಕೊಂಡೆವು.

ಲೆಕ್ಕದ_ಮೇಷ್ಟ್ರು

ಅದು ಗಾಳಿ ಬಿಡುವ ತಿರುಗಣೆ. ನಿಮ್ಮ ದಾರಿಗೆ ಅದು ಬೇಕೇ ಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕುಮಟಾಕ್ಕಿಂತ ಶೇ 7ರಷ್ಟು ಕಡಿಮೆ. ಶಿರಸಿಯಲ್ಲಿ ಬಿಗಿಯಾಗಿ ಮುಚ್ಚಿ ಕೆಳಗೆ ಇಳಿದರೆ ಹೊರಗಿನ ಗಾಳಿ ಮುಚ್ಚಳವನ್ನು ಒತ್ತುತ್ತದೆ. 40 ಸೆಂಟಿಮೀಟರ್ ಉದ್ದ, 30 ಅಗಲದ ಮುಚ್ಚಳ ಆದರೆ ಲೆಕ್ಕದಲ್ಲಿ 80 ಕಿಲೋಗೂ ಮೇಲೆ! ಕ್ಲಿಪ್ ತೆಗೆದರೂ ಏಳಲ್ಲ, ಜನ ಸ್ಕ್ರೂಡ್ರೈವರ್ ಹಾಕಿ ಮೀಟಿ ರಬ್ಬರ್ ಹರಿದುಕೊಳ್ಳುತ್ತಾರೆ. ತಿರುಗಣೆ ಸಡಿಲ ಮಾಡಿ, ಉಸ್ ಅನ್ನುತ್ತದೆ, ಆಮೇಲೆ ಮುಚ್ಚಳ ಹೂವಿನ ಹಾಗೆ ಬರುತ್ತದೆ.

ಶಿರಸಿ_ಲ್ಯಾಬ್

ಮರದ ಪೆಟ್ಟಿಗೆಗೆ ಈ ರಗಳೆ ಇಲ್ಲ 😀

ತೋಟದ_ಮನೆ

ನಾನು ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರ. ಮಗಳು ಓದುವಾಗ ಕೊಂಡ ಮೈಕ್ರೋಸ್ಕೋಪ್ ಮನೆಯಲ್ಲಿದೆ. ಕೊಳೆ ರೋಗದ ಕಾಯಿ ಸಿಕ್ಕಾಗ ಇಬ್ಬರೂ ಕೂತು ನೋಡುತ್ತೇವೆ, ಅಂದರೆ ನಮಗೆ ಮೈಕ್ರೋಸ್ಕೋಪ್ ಬೇಕಾಗೋದೇ ಜೋರು ಮಳೆಯಲ್ಲಿ. ಕರೆಂಟು ಎರಡು ದಿನ ಇರಲ್ಲ, ಬಲ್ಬಿನ ಬೀರು ನಮಗೆ ಆಗಲ್ಲ. ಅಡುಗೆಮನೆ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ, ಅಡಿಕೆ, ಕೊಬ್ಬರಿ ಅಲ್ಲಿ ಚೆನ್ನಾಗಿರುತ್ತವೆ. ಅಲ್ಲಿಡಲಾ?

ರಿಪೇರಿ_ಬೆಂಚು

ಅಟ್ಟ ಬೇಡ. ಬೆಚ್ಚಗಿರೋದು ನಿಜ, ಆದರೆ ಹೊಗೆಯ ಜಿಡ್ಡು ಲೆನ್ಸಿನ ಮೇಲೆ ಕೂತರೆ ತೆಗೆಯೋದು ಬೂಷ್ಟಿಗಿಂತ ಕಷ್ಟ. ಗ್ರೀಸೂ ಗಟ್ಟಿಯಾಗುತ್ತದೆ.

ನಿಮ್ಮಂಥವರಿಗೆ ನಾನು ಹೇಳೋದು ಬೇರೆ. ಇಡೀ ಮೈಕ್ರೋಸ್ಕೋಪ್ ಕಾಯಲು ಹೋಗಬೇಡಿ, ಗಾಜನ್ನು ಮಾತ್ರ ಕಾಯಿರಿ. ಆಬ್ಜೆಕ್ಟಿವ್, ಐಪೀಸ್ ಬಿಚ್ಚಿ, ರಬ್ಬರ್ ಬಳೆ ಇರುವ ಅಡುಗೆ ಡಬ್ಬಿಯಲ್ಲಿ 100 ಗ್ರಾಂ ಜೆಲ್ ಜೊತೆ ಇಡಿ. ಎರಡು ಲೀಟರಿನ ಡಬ್ಬಿ ಒಣಗಿಸೋದು ಸುಲಭ, ಕರೆಂಟ್ ಬೇಡ. ಜೆಲ್ ಧೂಳು ಗಾಜಿಗೆ ತಾಗದ ಹಾಗೆ ಬಟ್ಟೆ ಚೀಲದಲ್ಲಿ ಕಟ್ಟಿ. ಮೈಕ್ರೋಸ್ಕೋಪಿನ ತೆರೆದ ತೂತುಗಳಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗೆ ಧೂಳು, ಕಣಜದ ಮಣ್ಣಿನ ಗೂಡು. ನಗಬೇಡಿ, ಅಂಥ ಗೂಡನ್ನು ನಾನೇ ತೆಗೆದಿದ್ದೇನೆ.

ಹೇಗೂ ಹಾಳಾದರೆ ಗಾಬರಿ ಬೇಡ. ಆಬ್ಜೆಕ್ಟಿವ್ ಮೇಲೆ 160/0.17 ಅಂತ ಇದ್ದರೆ ಅದು ಹಳೇ ಸಾಮಾನ್ಯ ಅಳತೆ. 160 ಮಿಲಿಮೀಟರ್ ಕೊಳವೆ ಉದ್ದ, 0.17 ಮಿಲಿಮೀಟರ್ ಸ್ಲೈಡ್ ಮೇಲೆ ಮುಚ್ಚುವ ಕವರ್ ಗಾಜಿನ ದಪ್ಪ. ಸ್ಕ್ರೂ ಮರೆಯೂ ಹೆಚ್ಚಿನವಕ್ಕೆ ಒಂದೇ, 20.32 ಮಿಲಿಮೀಟರ್. ಬೇರೆ ಕಂಪನಿಯದ್ದೂ ಕೂರುತ್ತದೆ.

ಯಲ್ಲಾಪುರದ_ಹುಡುಗ

ಶಾಲೆಗೆ ಒಯ್ಯಲು ಫೋಲ್ಡ್‌ಸ್ಕೋಪ್ ಸಾಕಲ್ವಾ? ಕಾಗದದ್ದು, ಜೇಬಲ್ಲಿ ಹೋಗುತ್ತದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ಮಾಡಿದ್ದು. 140 ಪಟ್ಟು ದೊಡ್ಡದು ಮಾಡುತ್ತದೆ, ಕೇಸೂ ಬೇಡ ಬೋಲ್ಟೂ ಬೇಡ.

ಕುಮಟಾ_ಟೀಚರ್

ಇದೆ ತಮ್ಮಾ, ಅದನ್ನೂ ಒಯ್ಯುತ್ತೇವೆ. ಮಕ್ಕಳಿಗೆ ಬಲು ಖುಷಿ. ಆದರೆ ಬೈನಾಕ್ಯುಲರ್‌ನಲ್ಲಿ ಎರಡೂ ಕಣ್ಣಿಟ್ಟು ಒಂದು ಜೀವ ಈಜೋದನ್ನು ನೋಡಿದ ಮಗು ಕುರ್ಚಿ ಬಿಟ್ಟು ಏಳಲ್ಲ. ಅದಕ್ಕೇ ಇಷ್ಟೆಲ್ಲ ಒದ್ದಾಟ.

ಕೋಡಿಬಾಗ್_ಕಡಲು

ಪ್ಯಾಕ್ ಮಾಡುವ ಕ್ರಮ ಯಾರೂ ಹೇಳಿಲ್ಲ, ನಾನು ಬರೆಯುತ್ತೇನೆ. ಮೊದಲು ದೀಪ ಆರಿಸಿ ತಣ್ಣಗಾಗಲು ಬಿಡಿ, ಹ್ಯಾಲೋಜನ್ ಆದರೆ ಕಾಲು ತಾಸಾದರೂ. 100X ಬಳಸಿದ್ದರೆ ಅದಕ್ಕೆ ಹಾಕಿದ್ದ ಎಣ್ಣೆಯನ್ನು ಲೆನ್ಸ್ ಪೇಪರಿನಲ್ಲಿ ತೆಗೆಯಿರಿ, ಸೀರೆ ಸೆರಗು ಬೇಡ. ಸ್ಲೈಡ್ ತೆಗೆದು ಸ್ಟೇಜ್ ಪೂರ್ತಿ ಕೆಳಗಿಳಿಸಿ, 4X ಆಬ್ಜೆಕ್ಟಿವ್ ಕೆಳಮುಖ ಮಾಡಿ. ಸ್ಟೇಜ್‌ಗೂ ಆಬ್ಜೆಕ್ಟಿವ್‌ಗೂ ನಡುವೆ ಒಂದು ಮೆತ್ತನೆ ಫೋಮ್ ತುಂಡು. ಐಪೀಸ್‌ಗಳು ಬಹಳ ಮಾದರಿಗಳಲ್ಲಿ ಸುಮ್ನೆ ಕೊಳವೆಯಲ್ಲಿ ಕೂತಿರುತ್ತವೆ, ಕೇಸ್ ವಾಲಿದರೆ ಜಾರಿ ಬಂದು ಗಾಜಿಗೇ ಬಡಿಯುತ್ತವೆ. ಅವನ್ನು ತೆಗೆದು ಬೇರೆ ಗುಳಿಯಲ್ಲಿಡಿ, ಕೊಳವೆಗೆ ಮುಚ್ಚಳ ಹಾಕಿ. ವೈರನ್ನು ಕಂಬಕ್ಕೆ ಬಿಗಿದು ಸುತ್ತಬೇಡಿ. ಎತ್ತುವಾಗ ಒಂದು ಕೈ ಕಂಬಕ್ಕೆ, ಇನ್ನೊಂದು ಪಾದದ ಕೆಳಗೆ. ತಲೆ ಹಿಡಿದು ಎತ್ತುವವರನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ.

ಘಾಟಿಗೆ ನಿಲ್ಲಿಸಿ ಒಯ್ಯೋದೇ ಒಳ್ಳೇದು. ಕೇಸ್ ಮಲಗಿಸುವ ಮಾದರಿ ಆದರೆ ಭಾರ ಕಂಬ ಮತ್ತು ಪಾದದ ಮೇಲೆ ಬೀಳಬೇಕು, ಸ್ಟೇಜ್ ಮೇಲೆ ಬೀಳಬಾರದು. ಕಾರಿನಲ್ಲಿ ಡಿಕ್ಕಿ ಬೇಡ, ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ಬಿಗಿಯಾಗಿ ಕೂರಿಸಿ. ಬಸ್ಸಾದರೆ ಹಿಂದಿನ ಗಾಲಿಗಿಂತ ಮುಂದಿನ ಸೀಟು, ತೊಡೆಯ ಮೇಲೆ. ಕಂಡಕ್ಟರ್ ಲಗೇಜ್ ಚೀಟಿ ಕೊಟ್ಟರೆ ಕೊಡಲಿ, ಮೇಲಿನ ಕ್ಯಾರಿಯರ್‌ಗೆ ಮಾತ್ರ ಏರಿಸಬೇಡಿ.

ರಿಪೇರಿ_ಬೆಂಚು

ಚೆನ್ನಾಗಿ ಹೇಳಿದಿರಿ. ಫೋಮ್ ಬಗ್ಗೆ ಒಂದೇ ಮಾತು. ಹಾಸಿಗೆಯಲ್ಲಿ ಹಾಕುವ ಹಳದಿ ಫೋಮ್ ನಮ್ಮ ಸೆಕೆ, ತೇವಕ್ಕೆ ಕೆಲವು ವರ್ಷಕ್ಕೇ ಪುಡಿಪುಡಿ, ಕೆಲವೊಮ್ಮೆ ಅಂಟಂಟು. ಆ ಅಂಟು ಫೋಕಸ್ ತಿರುಗಣೆಯ ಸಂದಿಗೆ ಹೋದರೆ ಪೂರ್ತಿ ಬಿಚ್ಚಬೇಕು. ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ತಕ್ಷಣ ಎದ್ದು ಬರಬೇಕು, ಬೆರಳಿಗೆ ಏನೂ ಹತ್ತಬಾರದು. ಬದಲಿಸುವುದಾದರೆ ಟಿವಿ ಡಬ್ಬಿಯಲ್ಲಿ ಬರುವ ಬಿಳಿ ಇಪಿಇ ಫೋಮ್ ಒಳ್ಳೇದು, ನೀರು ಕುಡಿಯಲ್ಲ.

ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ ಭಾಗಗಳಿಗೆ ಆಗಲ್ಲ. ಶಾಲೆಗಳಲ್ಲಿ ಆಸಿಡ್ ಬಾಟಲಿ ಇರುವ ಬೀರುವಿನಲ್ಲೇ ಮೈಕ್ರೋಸ್ಕೋಪ್ ಇಡುತ್ತಾರೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಹೈಡ್ರೋಕ್ಲೋರಿಕ್ ಆಸಿಡ್‌ನ ಹೊಗೆ ಮುಚ್ಚಿದ ಬಾಟಲಿಯಿಂದಲೂ ಸೋರಿ ಹಿತ್ತಾಳೆಯನ್ನು ಹಸಿರು ಮಾಡುತ್ತದೆ.

ಕುಮಟಾ_ಟೀಚರ್

ನಾವು ಹೀಗೆ ಮಾಡುತ್ತೇವೆ. ಕೇಸ್ ಪ್ರಯಾಣಕ್ಕೆ ಮಾತ್ರ, ಉಳಿದ ದಿನ ಖಾಲಿ, ಮುಚ್ಚಳ ತೆರೆದು ಫೋಮ್‌ಗೆ ಗಾಳಿ ಆಡುವ ಹಾಗೆ. ಮೈಕ್ರೋಸ್ಕೋಪ್‌ಗಳು ಬಲ್ಬ್ ಇರುವ ಕಬ್ಬಿಣದ ಬೀರುವಿಗೆ, ಆಸಿಡ್ ಇಲ್ಲದ ಕೋಣೆಯಲ್ಲಿ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಗಾಜು ಮಾತ್ರ ಡಬ್ಬಿಗೆ. ಒಳಗೆ ಉಪ್ಪಿನ ಪರೀಕ್ಷೆ ಪಾಸಾದ ತೇವಮಾಪಕ. ಶೇ 40–50ರಲ್ಲಿ ನಿಲ್ಲಿಸಿದರೆ ಸಾಕಲ್ವಾ?

ಇನ್ನೊಂದು ಉಳಿಯಿತು. ನೀಲಿ ಜೆಲ್ ಗುಲಾಬಿ ಆದ ಮೇಲೆ ಬಿಸಾಡಬೇಕಾ?

ರಿಪೇರಿ_ಬೆಂಚು

40–50 ಸಾಕು. ಬಲ್ಬಿನ ಬೀರುವಿನಲ್ಲಿ 60 ಒಳಗೆ ನಿಂತರೂ ನಾನು ಖುಷಿ ಪಡುತ್ತೇನೆ, 30ಕ್ಕಿಂತ ಕೆಳಗೆ ಇಳಿಸೋದೂ ಬೇಡ.

ಜೆಲ್ ಬಿಸಾಡಬೇಡಿ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ನೀಲಿ. ಬಿಸಿ ಆರುವಾಗಲೇ ಮುಚ್ಚಿದ ಬಾಟಲಿಗೆ ಹಾಕಿ, ತೆರೆದಿಟ್ಟರೆ ಆರುವಷ್ಟರಲ್ಲೇ ಮತ್ತೆ ತೇವ ಕುಡಿಯುತ್ತದೆ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದ್ದು, ವಿಷ. ಅಡುಗೆಯ ತಟ್ಟೆ, ಬಾಣಲೆ ಬಳಸಬೇಡಿ. ಹೊಸದಾಗಿ ತರುವುದಾದರೆ ಕಿತ್ತಳೆ ಬಣ್ಣದ್ದು ತನ್ನಿ, ಅದಕ್ಕೆ ಕೋಬಾಲ್ಟ್ ಹಾಕಿರಲ್ಲ.

ತೋಟದ_ಮನೆ

ಅಡಿಕೆ ಡ್ರೈಯರ್‌ನಲ್ಲಿ ಇಟ್ಟರೆ?

ರಿಪೇರಿ_ಬೆಂಚು

ಅದರ ಬಿಸಿ ಸಾಲಲ್ಲ, 100 ದಾಟಬೇಕು. ಅಡಿಕೆಗೂ ಆ ಜೆಲ್ಲಿಗೂ ನಂಟು ಬೇಡ ಬಿಡಿ. ಪೇಟೆಗೆ ಬಂದಾಗ ಕೊಡಿ, ನನ್ನ ಬೆಂಚಿನ ಓವನ್ ಹೇಗೂ ಉರಿಯುತ್ತಿರುತ್ತದೆ.